ಅಸ್ತಮಾ: ಮೊದಲು ಪಳಗಬೇಕಾದದ್ದು ಕಲಿಸುವವರ ಕೈ

ಆರೋಗ್ಯ ಸಿಬ್ಬಂದಿಗೆ ಅಸ್ತಮಾ ಕುರಿತು ತರಬೇತಿ ನೀಡುವ ಕೆಲಸದಲ್ಲಿ ತೊಡಗಿದವರಿಗೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಈ ಕಾಯಿಲೆಗೆ ಒಳ್ಳೆಯ ಔಷಧಗಳಿವೆ, ಅವು ಕೆಲಸ ಮಾಡುವ ಬಗೆಯೂ ಚೆನ್ನಾಗಿ ತಿಳಿದಿದೆ; ಆದರೂ ಆ ಔಷಧ ಬಹಳಷ್ಟು ರೋಗಿಗಳ ಶ್ವಾಸನಾಳಗಳಿಗೆ ಸರಿಯಾಗಿ ತಲುಪುತ್ತಲೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ 26 ಕೋಟಿ 20 ಲಕ್ಷ ಮಂದಿಗೆ ಅಸ್ತಮಾ ಇತ್ತು, ಅದೇ ವರ್ಷ ಸುಮಾರು 4 ಲಕ್ಷ 55 ಸಾವಿರ ಜನ ಅದರಿಂದ ಸತ್ತರು. ಔಷಧವೇ ಸಿಗದೆ ಸತ್ತವರು ಇವರಲ್ಲಿ ಅನೇಕರಿದ್ದಾರೆ, ಆ ಕೊರತೆಯನ್ನು ತರಬೇತಿಯಿಂದ ತುಂಬಲಾಗದು. ಆದರೆ ಕೈಯಲ್ಲಿ ಇನ್‌ಹೇಲರ್ ಇದ್ದೂ ಕಾಯಿಲೆ ಹತೋಟಿಗೆ ಬಾರದವರ ವಿಷಯದಲ್ಲಿ ಹೊಣೆ ನಮ್ಮ ಮೇಲೆ, ಅಂದರೆ ಕಲಿಸುವವರ ಮೇಲೆ, ನೇರವಾಗಿ ಬರುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಒತ್ತಿದರೆ ಅಳತೆಯ ಪ್ರಮಾಣದಲ್ಲಿ ಔಷಧ ಚಿಮ್ಮಿಸುವ ಇನ್‌ಹೇಲರ್ ಬಳಕೆಗೆ ಬಂದದ್ದು 1956ರಲ್ಲಿ. ರೋಗಿಗಳು ಇನ್‌ಹೇಲರ್ ಬಳಸುವ ರೀತಿಯನ್ನು ಪರೀಕ್ಷಿಸಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದ ವಿಮರ್ಶೆಯೊಂದು 2016ರಲ್ಲಿ ಪ್ರಕಟವಾಯಿತು. ಸುಮಾರು 40 ವರ್ಷಗಳ ಅವಧಿಯ ಆ ಅಧ್ಯಯನಗಳಲ್ಲಿ ಸರಿಯಾದ ಕ್ರಮದಲ್ಲಿ ಔಷಧ ಎಳೆದುಕೊಂಡವರು ಶೇಕಡಾ 31ರಷ್ಟು ಮಾತ್ರ, ಮತ್ತು ಇಷ್ಟು ವರ್ಷಗಳಲ್ಲಿ ಈ ಸ್ಥಿತಿ ಸುಧಾರಿಸಿದ್ದೂ ಕಾಣಲಿಲ್ಲ. ವೈದ್ಯರು, ನರ್ಸ್‌ಗಳು ಮತ್ತು ಔಷಧ ವಿತರಿಸುವವರನ್ನೇ ಪರೀಕ್ಷೆಗೆ ಒಡ್ಡಿದ ಅಧ್ಯಯನಗಳೂ ಇವೆ. ಅವುಗಳಲ್ಲೂ ಎಲ್ಲ ಹಂತಗಳನ್ನು ತಪ್ಪಿಲ್ಲದೆ ಮಾಡಿ ತೋರಿಸಿದವರು ಕಡಿಮೆಯೇ. ತಾವೇ ಸರಿಯಾಗಿ ಮಾಡಲಾಗದ್ದನ್ನು ರೋಗಿಗೆ ಕಲಿಸುವುದು ಹೇಗೆ? ಹಾಗಾಗಿ ಅಸ್ತಮಾ ತರಬೇತಿ ಎಂದರೆ ಶ್ವಾಸನಾಳದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿ ಮುಗಿಸುವ ಉಪನ್ಯಾಸ ಎಂಬ ರೂಢಿ ಮೊದಲು ಬದಲಾಗಬೇಕು.

ತರಬೇತಿಗೆ ಬಂದ ಪ್ರತಿಯೊಬ್ಬರ ಕೈಗೂ ಔಷಧವಿಲ್ಲದ, ಅಭ್ಯಾಸಕ್ಕೆಂದೇ ಇರುವ ಇನ್‌ಹೇಲರ್ ಕೊಟ್ಟು, ಏನನ್ನೂ ವಿವರಿಸದೆ, ರೋಗಿಗೆ ತೋರಿಸುವಂತೆ ಬಳಸಿ ತೋರಿಸಿ ಎಂದು ಕೇಳಬೇಕು. ಆಗ ಕಾಣುವ ತಪ್ಪುಗಳು ಬಹುತೇಕ ಒಂದೇ ಬಗೆಯವು. ಕೆಲವರು ಡಬ್ಬಿಯನ್ನು ಕುಲುಕುವುದಿಲ್ಲ. ಹಲವರು ಮೊದಲು ಉಸಿರನ್ನು ಪೂರ್ತಿಯಾಗಿ ಹೊರಗೆ ಬಿಡುವುದಿಲ್ಲ, ತುಂಬಿದ ಎದೆಯಲ್ಲೇ ಗುಂಡಿ ಒತ್ತುತ್ತಾರೆ. ಇನ್ನು ಕೆಲವರು ಒತ್ತುವುದು ಮೊದಲು, ಎಳೆಯುವುದು ಆಮೇಲೆ. ಆ ಅರೆಕ್ಷಣದ ಅಂತರದಲ್ಲಿ ತುಟಿಗಳ ಅಂಚಿನಿಂದ ಬಿಳಿ ಮಂಜು ಹೊರಬರುವುದು ಎದುರಿಗೆ ಕುಳಿತವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಹಾಗೆ ಹೊರಗೆ ಕಂಡದ್ದೆಲ್ಲ ಒಳಗೆ ಹೋಗದ ಔಷಧ. ಗಬಕ್ಕನೆ ಜೋರಾಗಿ ಎಳೆದರೆ ಅದು ಗಂಟಲಿನ ಹಿಂಬದಿಗೆ ಬಡಿದು ಅಲ್ಲಿಯೇ ಅಂಟಿಕೊಳ್ಳುತ್ತದೆ. ಉಸಿರನ್ನು ಪೂರ್ತಿ ಬಿಟ್ಟು, ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಎಳೆಯಲು ಆರಂಭಿಸಿದ ಹೊತ್ತಿಗೇ ಒತ್ತಿ, ನಾಲ್ಕೈದು ಸೆಕೆಂಡುಗಳ ಕಾಲ ನಿಧಾನವಾಗಿ ಆಳಕ್ಕೆ ಎಳೆದುಕೊಂಡು, 10 ಸೆಕೆಂಡು ಅಥವಾ ಸಾಧ್ಯವಾದಷ್ಟು ಹೊತ್ತು ಉಸಿರು ಹಿಡಿದಿಡಬೇಕು. ಹೇಳಲು ಒಂದೇ ವಾಕ್ಯ ಸಾಕು, ಮಾಡಲು ಅಭ್ಯಾಸ ಬೇಕು. ಎರಡನೆಯ ಪಫ್ ಬೇಕಿದ್ದರೆ ತುಸು ಬಿಡುವು ಕೊಟ್ಟು, ಮತ್ತೆ ಕುಲುಕಿ, ಮೊದಲಿನಿಂದ ಎಲ್ಲವನ್ನೂ ಮಾಡಬೇಕು.

ಪುಡಿ ಔಷಧದ ಇನ್‌ಹೇಲರ್‌ಗಳಲ್ಲಿ ಇದರ ನಿಯಮವೇ ತಿರುಗುಮುರುಗಾಗುತ್ತದೆ. ಅಲ್ಲಿ ಪುಡಿಯನ್ನು ಒಡೆದು ಒಳಗೆ ಒಯ್ಯುವ ಬಲ ರೋಗಿಯ ಉಸಿರಿನಿಂದಲೇ ಬರಬೇಕಾದ್ದರಿಂದ ಮೊದಲ ಕ್ಷಣದಿಂದಲೇ ರಭಸವಾಗಿ, ಆಳವಾಗಿ ಎಳೆಯಬೇಕು. ಸಾಧನದೊಳಕ್ಕೆ ಉಸಿರು ಬಿಟ್ಟರೆ ತೇವದಿಂದ ಪುಡಿ ಗಂಟುಕಟ್ಟುತ್ತದೆ. ಒಬ್ಬನೇ ರೋಗಿಗೆ ಎರಡು ಬಗೆಯ ಸಾಧನಗಳನ್ನು ಬರೆದುಕೊಟ್ಟಾಗ ಈ ವ್ಯತ್ಯಾಸವನ್ನು ಬಿಡಿಸಿ ಹೇಳುವವರಿಲ್ಲದಿದ್ದರೆ ಎರಡರಲ್ಲಿ ಒಂದು ವ್ಯರ್ಥವಾಗುವುದು ಬಹುತೇಕ ಖಚಿತ. ಆದ್ದರಿಂದ ಸಾಧ್ಯವಾದಲ್ಲೆಲ್ಲ ಒಂದೇ ಬಗೆಯ ಸಾಧನದಲ್ಲಿ ಉಳಿಯುವುದು ಒಳ್ಳೆಯದು ಎಂದು ಬರೆದುಕೊಡುವವರಿಗೂ ಹೇಳುತ್ತೇನೆ.

ಇನ್‌ಹೇಲರಿಗೂ ಬಾಯಿಗೂ ನಡುವೆ ಜೋಡಿಸಿ, ಚಿಮ್ಮಿದ ಔಷಧವನ್ನು ಹಿಡಿದಿಡುವ ಟೊಳ್ಳು ಕೊಳವೆಯಾದ ಸ್ಪೇಸರ್ ಬಗ್ಗೆ ಒಂದು ತಪ್ಪು ಅಭಿಪ್ರಾಯ ಸಿಬ್ಬಂದಿಯಲ್ಲೂ ಬೇರೂರಿದೆ. ಅದು ಚಿಕ್ಕ ಮಕ್ಕಳಿಗೆ ಮಾತ್ರ ಎಂದು ಅನೇಕರು ಭಾವಿಸಿದ್ದಾರೆ. ಒತ್ತುವುದನ್ನೂ ಎಳೆಯುವುದನ್ನೂ ಹೊಂದಿಸಲಾಗದ ಯಾವ ವಯಸ್ಸಿನವರಿಗೂ ಅದು ನೆರವಾಗುತ್ತದೆ, ಗಂಟಲಲ್ಲಿ ಉಳಿಯುವ ಔಷಧವನ್ನೂ ಕಡಿಮೆ ಮಾಡುತ್ತದೆ. ಒಮ್ಮೆಗೆ ಒಂದೇ ಪಫ್ ಒತ್ತಬೇಕು. ನಾಲ್ಕೈದು ಪಫ್‌ಗಳನ್ನು ಒಟ್ಟಿಗೆ ತುಂಬಿಸಿ ಎಳೆದರೆ ಹನಿಗಳು ಒಂದಕ್ಕೊಂದು ಸೇರಿ ಗೋಡೆಗೆ ಅಂಟುತ್ತವೆ. ಪ್ಲಾಸ್ಟಿಕ್ ಸ್ಪೇಸರನ್ನು ಸೋಪಿನ ದ್ರಾವಣ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸದೆ, ಗಾಳಿಗೆ ಒಣಗಲು ಬಿಡಬೇಕು, ಏಕೆಂದರೆ ಒರೆಸಿದಾಗ ಹುಟ್ಟುವ ಸ್ಥಿರ ವಿದ್ಯುತ್ತು ಔಷಧದ ಕಣಗಳನ್ನು ಗೋಡೆಯತ್ತ ಸೆಳೆಯುತ್ತದೆ. ಕಾರಣ ಗೊತ್ತಿದ್ದ ನರ್ಸ್ ಈ ಮಾತನ್ನು ಹೇಳಲು ಮರೆಯುವುದಿಲ್ಲ; ಕಾರಣ ಗೊತ್ತಿಲ್ಲದಿದ್ದರೆ ಅದು ಪಟ್ಟಿಯ ಕೊನೆಯಲ್ಲಿ ಬಿಟ್ಟುಹೋಗುತ್ತದೆ.

ಇಷ್ಟನ್ನು ತಾವು ಕಲಿತ ಮೇಲೆ ರೋಗಿಗೆ ದಾಟಿಸುವ ಕೌಶಲ ಬೇರೆಯೇ ಇದೆ. ಅರ್ಥವಾಯಿತೇ ಎಂದು ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಈಗ ನೀವು ಒಮ್ಮೆ ಮಾಡಿ ತೋರಿಸಿ ಎಂದು ಕೇಳಿ, ಸುಮ್ಮನೆ ನೋಡಿ, ತಪ್ಪಿದ ಹಂತವನ್ನಷ್ಟೇ ತಿದ್ದಿ, ಮತ್ತೊಮ್ಮೆ ಮಾಡಿಸಬೇಕು. ಇದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಆ ನಿಮಿಷಗಳೂ ಸಿಗುವುದಿಲ್ಲ ಎಂಬ ದೂರು ನ್ಯಾಯವಾದದ್ದೇ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಔಷಧ ಒಳಗೆ ಹೋಗುತ್ತಿದೆಯೇ ಎಂದು ನೋಡದೆ ಪ್ರಮಾಣ ಹೆಚ್ಚಿಸುತ್ತ ಹೋದರೆ ಅದೇ ರೋಗಿ ಮತ್ತೆ ಮತ್ತೆ ಬಂದು ಇನ್ನೂ ಹೆಚ್ಚು ಹೊತ್ತನ್ನು ಕೇಳುತ್ತಾನೆ.

ಕೈಯ ಕೆಲಸದಷ್ಟೇ ಮುಖ್ಯವಾದದ್ದು ಕಾಯಿಲೆಯ ಬಗ್ಗೆ ಸಿಬ್ಬಂದಿಯ ಮನಸ್ಸಿನಲ್ಲಿರುವ ಚಿತ್ರ. ಅಸ್ತಮಾ ಎಂದರೆ ದಮ್ಮು ಬಂದಾಗ ಮಾತ್ರ ಇರುವ ಕಾಯಿಲೆ ಎಂದುಕೊಂಡವರು ಉಸಿರು ಸರಾಗಗೊಳಿಸುವ ಔಷಧವೇ ಚಿಕಿತ್ಸೆ ಎಂದು ತಿಳಿಯುತ್ತಾರೆ. ಶ್ವಾಸನಾಳಗಳ ಒಳಪದರದ ಉರಿಯೂತ ಉಬ್ಬಸವಿಲ್ಲದ ದಿನಗಳಲ್ಲೂ ಮುಂದುವರಿದಿರುತ್ತದೆ; ಅದನ್ನು ತಗ್ಗಿಸುವುದು ಉಸಿರಿನ ಮೂಲಕ ತೆಗೆದುಕೊಳ್ಳುವ ಸ್ಟೀರಾಯ್ಡ್. ಸಾಲ್ಬುಟಮಾಲ್‌ನಂತಹ ಔಷಧ ನಾಳದ ಸ್ನಾಯುಗಳನ್ನು ಕೆಲವು ಗಂಟೆಗಳ ಕಾಲ ಸಡಿಲಿಸುತ್ತದೆ, ಉರಿಯೂತವನ್ನು ಮುಟ್ಟುವುದಿಲ್ಲ. ಬ್ರಿಟನ್ನಿನಲ್ಲಿ ಅಸ್ತಮಾದಿಂದಾದ 195 ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿದ ರಾಷ್ಟ್ರೀಯ ವರದಿ 2014ರಲ್ಲಿ ಹೊರಬಂದಿತು. ಔಷಧ ಚೀಟಿಗಳ ಲೆಕ್ಕ ಸಿಕ್ಕವರ ಪೈಕಿ ಶೇಕಡಾ 39ರಷ್ಟು ಮಂದಿಗೆ ಸಾವಿನ ಹಿಂದಿನ ಒಂದು ವರ್ಷದಲ್ಲಿ 12ಕ್ಕಿಂತ ಹೆಚ್ಚು ಸಾಲ್ಬುಟಮಾಲ್ ಬಗೆಯ ಇನ್‌ಹೇಲರ್‌ಗಳನ್ನು ಬರೆದುಕೊಡಲಾಗಿತ್ತು. ಪ್ರತಿ ಬಾರಿಯೂ ಯಾರೋ ಒಬ್ಬರು ಚೀಟಿ ಬರೆದರು, ಇನ್ನೊಬ್ಬರು ಔಷಧ ಕೊಟ್ಟರು. ಇಷ್ಟೊಂದು ಏಕೆ ಬೇಕಾಗುತ್ತಿದೆ ಎಂಬ ಪ್ರಶ್ನೆ ಏಳಬೇಕಾದ ಜಾಗಗಳು ಅವು. ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿ ರೂಪಿಸುವ ಜೀನಾ ಸಂಸ್ಥೆ 2019ರಲ್ಲಿ, ಹದಿಹರೆಯದವರಿಗೂ ವಯಸ್ಕರಿಗೂ ಸಾಲ್ಬುಟಮಾಲ್ ಬಗೆಯ ಔಷಧವೊಂದನ್ನೇ ಕೊಟ್ಟು ಚಿಕಿತ್ಸೆ ನಡೆಸಬಾರದು, ಸ್ಟೀರಾಯ್ಡ್ ಒಳಗೊಂಡ ಇನ್‌ಹೇಲರ್ ಇರಲೇಬೇಕು ಎಂದು ತನ್ನ ಸಲಹೆಯನ್ನು ಬದಲಿಸಿತು. ತರಬೇತಿಯ ಪಠ್ಯ ಅದಕ್ಕಿಂತ ಹಳೆಯದಾಗಿದ್ದರೆ ಅದನ್ನು ಪಕ್ಕಕ್ಕಿಡುವುದೇ ಲೇಸು.

ಸ್ಟೀರಾಯ್ಡ್ ಎಂಬ ಹೆಸರು ಕೇಳಿದೊಡನೆ ಹುಟ್ಟುವ ಭಯ ರೋಗಿಗಳಲ್ಲಷ್ಟೇ ಇಲ್ಲ, ಅದನ್ನು ನಾನು ತರಬೇತಿಗೆ ಬಂದವರ ಮಾತಿನಲ್ಲೂ ಕೇಳಿದ್ದೇನೆ. ವೈದ್ಯರು ನಿತ್ಯವೂ ತೆಗೆದುಕೊಳ್ಳಿ ಎಂದು ಬರೆದದ್ದನ್ನು, ಔಷಧ ಕೊಡುವವರು ಅಭ್ಯಾಸವಾಗಿಬಿಡುತ್ತದೆ ನೋಡಿ ಎಂದು ಒಂದೇ ಮಾತಿನಲ್ಲಿ ಕೆಡಿಸಬಲ್ಲರು. ಇನ್‌ಹೇಲರಿನ ಸ್ಟೀರಾಯ್ಡ್ ಚಟ ಹಿಡಿಸುವುದಿಲ್ಲ. ಅದರ ಅಳತೆ ಮೈಕ್ರೋಗ್ರಾಂಗಳಲ್ಲಿ, ಮಾತ್ರೆಯದು ಮಿಲಿಗ್ರಾಂಗಳಲ್ಲಿ. ಬಾಯಲ್ಲಿ ಬಿಳಿ ಪದರ ಕಟ್ಟುವ ಶಿಲೀಂಧ್ರದ ಸೋಂಕು, ದನಿ ಒಡೆಯುವುದು ಇತ್ಯಾದಿ ತೊಂದರೆಗಳನ್ನು ಮುಚ್ಚಿಡದೆ ಹೇಳಿ, ಪ್ರತಿ ಸಲ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗಿಯುವುದನ್ನು ಕಲಿಸಬೇಕು. ಆಸ್ಪತ್ರೆಯಲ್ಲಿ ರೋಗಿಯೊಡನೆ ಮಾತನಾಡುವ ಎಲ್ಲರೂ ಈ ವಿಷಯದಲ್ಲಿ ಒಂದೇ ಮಾತು ಹೇಳಬೇಕು. ಅದಕ್ಕಾಗಿಯೇ ವೈದ್ಯರಿಗೆ ಒಂದು ದಿನ, ನರ್ಸ್‌ಗಳಿಗೆ ಇನ್ನೊಂದು ದಿನ ಎಂದು ಬೇರ್ಪಡಿಸಿ ನಡೆಸುವ ತರಬೇತಿಗಳ ಬಗ್ಗೆ ನನಗೆ ಒಲವಿಲ್ಲ.

ಮಾತನಾಡಿಸುವ ಬಗೆಯನ್ನೂ ಅಭ್ಯಾಸ ಮಾಡಿಸಬೇಕು. ಹೇಗಿದ್ದೀರಿ ಎಂದರೆ ಪರವಾಗಿಲ್ಲ ಎಂಬ ಉತ್ತರ ಬರುತ್ತದೆ, ಏಕೆಂದರೆ ರಾತ್ರಿ ಎದ್ದು ಕೆಮ್ಮುವುದು, ಮೆಟ್ಟಿಲ ನಡುವೆ ನಿಲ್ಲುವುದು ಹಲವರಿಗೆ ಬದುಕಿನ ಭಾಗವೇ ಆಗಿಹೋಗಿರುತ್ತದೆ. ಕಳೆದ ನಾಲ್ಕು ವಾರಗಳಲ್ಲಿ ಹಗಲಿನ ತೊಂದರೆ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಬಂದಿತೇ, ಅಸ್ತಮಾದಿಂದ ರಾತ್ರಿ ಎಚ್ಚರವಾಯಿತೇ, ಉಬ್ಬಸ ತಗ್ಗಿಸುವ ಔಷಧ ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಬೇಕಾಯಿತೇ, ಯಾವುದಾದರೂ ಕೆಲಸವನ್ನು ಅಸ್ತಮಾದ ಕಾರಣ ಬಿಡಬೇಕಾಯಿತೇ ಎಂಬ ನಾಲ್ಕು ಪ್ರಶ್ನೆಗಳು ನಿಜಸ್ಥಿತಿಯನ್ನು ಹೊರತರುತ್ತವೆ. ನಾಲ್ಕಕ್ಕೂ ಇಲ್ಲ ಎಂದಾಗ ಮಾತ್ರ ಕಾಯಿಲೆ ಹತೋಟಿಯಲ್ಲಿದೆ ಎನ್ನಬಹುದು. ಔಷಧ ತಪ್ಪದೆ ತೆಗೆದುಕೊಳ್ಳುತ್ತೀರಾ ಎಂದು ಗದರಿಸುವ ದನಿಯಲ್ಲಿ ಕೇಳುವ ಬದಲು, ಎಷ್ಟೋ ಜನರಿಗೆ ದಿನವೂ ನೆನಪಿಡುವುದು ಕಷ್ಟವಾಗುತ್ತದೆ, ನಿಮಗೆ ಹೇಗೆ ಎಂದು ಕೇಳಿದರೆ ಸತ್ಯವಾದ ಉತ್ತರ ಸಿಗುವ ಸಾಧ್ಯತೆ ಹೆಚ್ಚು.

ತೀವ್ರ ದಮ್ಮಿನ ಸಂದರ್ಭಕ್ಕೆ ಬಂದರೆ, ಸಿಬ್ಬಂದಿ ಕಣ್ಣು ಮುಚ್ಚಿದರೂ ನೆನಪಿರಬೇಕಾದ ಕೆಲವು ಸಂಗತಿಗಳಿವೆ. ಎದೆಯಲ್ಲಿ ಸಿಳ್ಳೆಯ ಸದ್ದು ನಿಂತುಹೋಯಿತು ಎಂದರೆ ಗುಣವಾಯಿತೆಂದು ತಿಳಿಯಬಾರದು; ಸದ್ದು ಮಾಡುವಷ್ಟು ಗಾಳಿಯೂ ಒಳಗೆ ಓಡಾಡುತ್ತಿಲ್ಲದಿರಬಹುದು. ಒಂದು ವಾಕ್ಯ ಪೂರ್ತಿ ಆಡಲಾಗದಿರುವುದು ಅಪಾಯದ ಸೂಚನೆ, ಮಂಪರು ಮತ್ತು ಗೊಂದಲ ಅದಕ್ಕಿಂತ ದೊಡ್ಡ ಸೂಚನೆ. ವೇಗವಾಗಿ ಉಸಿರಾಡುವ ರೋಗಿಯ ರಕ್ತದಲ್ಲಿ ಇಂಗಾಲದ ಡೈ ಆಕ್ಸೈಡ್ ಕಡಿಮೆಯಿರಬೇಕು, ಆದ್ದರಿಂದ ಅದು ಸಾಮಾನ್ಯ ಮಟ್ಟದಲ್ಲಿದೆ ಎಂಬ ವರದಿ ಬಂದರೆ ರೋಗಿ ದಣಿಯುತ್ತಿದ್ದಾನೆ ಎಂದು ಅರ್ಥ ಮಾಡಿಕೊಳ್ಳಬೇಕು. ಚಡಪಡಿಸುತ್ತಿದ್ದಾನೆಂದು ನಿದ್ರೆ ಬರಿಸುವ ಔಷಧ ಕೊಡಬಾರದು. ತೀರ ಗಂಭೀರವಲ್ಲದ ದಮ್ಮಿನಲ್ಲಿ ವಯಸ್ಕರಿಗೆ ಸ್ಪೇಸರ್ ಮೂಲಕ 4ರಿಂದ 10 ಪಫ್ ಸಾಲ್ಬುಟಮಾಲನ್ನು ಮೊದಲ ಒಂದು ಗಂಟೆಯಲ್ಲಿ ಪ್ರತಿ 20 ನಿಮಿಷಕ್ಕೊಮ್ಮೆ ಕೊಡುವುದು, ದ್ರವ ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ಯಂತ್ರವಾದ ನೆಬ್ಯುಲೈಸರ್‌ನಷ್ಟೇ ಪರಿಣಾಮಕಾರಿ. ಯಂತ್ರ ಬರುವವರೆಗೆ ಕಾಯುತ್ತ ಕೂರಬೇಕಾಗಿಲ್ಲ. ಅಗತ್ಯವಿದ್ದಲ್ಲಿ ಸ್ಟೀರಾಯ್ಡ್ ಮಾತ್ರೆಯನ್ನು ತಡಮಾಡದೆ ಕೊಡಬೇಕು, ಏಕೆಂದರೆ ಅದು ಕೆಲಸ ಮಾಡಲು ಕೆಲವು ಗಂಟೆಗಳು ಬೇಕು.

ದಮ್ಮು ಇಳಿದು ಮನೆಗೆ ಹೊರಡುವ ರೋಗಿಯ ಕೈಯಲ್ಲಿ ಬರೆದ ಯೋಜನೆ ಇರಬೇಕು: ದಿನವೂ ಯಾವ ಔಷಧ, ತೊಂದರೆ ಹೆಚ್ಚಿದರೆ ಏನನ್ನು ಎಷ್ಟು ಹೆಚ್ಚಿಸಬೇಕು, ಯಾವ ಸ್ಥಿತಿಯಲ್ಲಿ ಕೂಡಲೇ ಆಸ್ಪತ್ರೆಗೆ ಬರಬೇಕು. ಬ್ರಿಟನ್ನಿನ ಆ ವರದಿಯಲ್ಲಿ ಸತ್ತವರ ಪೈಕಿ ಇಂಥ ಯೋಜನೆ ಸಿಕ್ಕಿತ್ತೆಂದು ದಾಖಲೆಯಿದ್ದದ್ದು ಶೇಕಡಾ 23ರಷ್ಟು ಮಂದಿಗೆ, ಮತ್ತು ಶೇಕಡಾ 45ರಷ್ಟು ಜನ ವೈದ್ಯಕೀಯ ನೆರವನ್ನು ಕೇಳದೆಯೋ ಅದು ತಲುಪುವ ಮೊದಲೋ ಸತ್ತಿದ್ದರು. ಯೋಜನೆಯನ್ನು ಬರೆಯುವುದನ್ನೇ ತರಬೇತಿಯಲ್ಲಿ ಕೈಯಾರೆ ಮಾಡಿಸಬೇಕು. ಒಬ್ಬರು ಬರೆದದ್ದನ್ನು ಪಕ್ಕದವರು ರೋಗಿಯ ಜಾಗದಲ್ಲಿ ಕುಳಿತು ಓದಲಿ; ರಾತ್ರಿ ಎರಡು ಗಂಟೆಗೆ ಉಸಿರು ಸಿಗದವರಿಗೆ ಅದು ಅರ್ಥವಾಗುವಂತಿದೆಯೇ ಎಂದು ಆಗ ಗೊತ್ತಾಗುತ್ತದೆ.

ಇನ್‌ಹೇಲರ್ ಹಿಡಿಯುವ ಕ್ರಮ ಕೆಲವೇ ವಾರಗಳಲ್ಲಿ ಸಡಿಲವಾಗುತ್ತದೆ. ಇದು ರೋಗಿಗೆ ಹೇಗೋ ಸಿಬ್ಬಂದಿಗೂ ಹಾಗೆಯೇ. ಆದ್ದರಿಂದ ತರಬೇತಿಗೆ ಹಣ ಕೊಡುವವರಲ್ಲಿ ನನ್ನ ಬೇಡಿಕೆ ಸರಳವಾದದ್ದು: ದೊಡ್ಡ ಸಭಾಂಗಣದ ಒಂದು ದಿನದ ಕಾರ್ಯಕ್ರಮದ ಬದಲು ಪ್ರತಿ ವಿಭಾಗದಲ್ಲಿ ಅಭ್ಯಾಸದ ಇನ್‌ಹೇಲರ್‌ಗಳ ಒಂದು ಪೆಟ್ಟಿಗೆ ಇಡಿ, ಹಂತಗಳನ್ನು ಗುರುತು ಹಾಕಿ ನೋಡಬಲ್ಲ ಒಬ್ಬ ಜವಾಬ್ದಾರಿಯುತ ನರ್ಸನ್ನು ನೇಮಿಸಿ, ಅವರ ಪಾಳಿಯಲ್ಲಿ ಈ ಕೆಲಸಕ್ಕೆಂದೇ ಹೊತ್ತು ಕೊಡಿ. ಮೊದಲ ಮರುಪರೀಕ್ಷೆ ಒಂದು ತಿಂಗಳೊಳಗೆ ನಡೆಯಲಿ, ಅದರಲ್ಲಿ ಹಿರಿಯ ವೈದ್ಯರೂ ತಮ್ಮ ಸರದಿಯಲ್ಲಿ ನಿಂತು ಇನ್‌ಹೇಲರ್ ಬಳಸಿ ತೋರಿಸಲಿ.