ಕಸದ ಡಬ್ಬಿ ಎತ್ತಿ ಸುತ್ತು ಹಾಕಿದವರು

ಹಳೆಯ ಐಸ್ ಹಾಕಿ ಸೀಸನ್‌ಗಳ ಅಂಕಪಟ್ಟಿ ನೋಡುತ್ತಾ ಕೂರುವುದು ನನ್ನ ಒಂದು ಚಟ. ಎಲ್ಲರೂ ಮೇಲಿಂದ ಓದುತ್ತಾರೆ, ನಾನು ಕೆಳಗಿಂದ ಓದುತ್ತೇನೆ. ಹಾಗೆ ಓದುವವರಿಗೆ 1974-75ರ ವಾಷಿಂಗ್ಟನ್ ಕ್ಯಾಪಿಟಲ್ಸ್ ಅಂದರೆ ಒಂದು ಯಾತ್ರಾಸ್ಥಳ ಇದ್ದ ಹಾಗೆ. 80 ಪಂದ್ಯ ಆಡಿದರು. 8 ಗೆದ್ದರು, 67 ಸೋತರು, 5 ಡ್ರಾ. ಗೆಲುವಿಗೆ ಎರಡು, ಡ್ರಾಗೆ ಒಂದು ಅಂತ ಹಾಕಿದರೆ ಒಟ್ಟು 21 ಅಂಕ. ಎಲ್ಲ ಗೆದ್ದಿದ್ದರೆ ಸಿಗುತ್ತಿದ್ದದ್ದು 160. ಅಮೆರಿಕಾ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಪೂರ್ತಿ ಸೀಸನ್ ಆಡಿದ ತಂಡಗಳಲ್ಲಿ, ಪಂದ್ಯಕ್ಕೆ ಇಷ್ಟು ಅಂಕ ಅನ್ನುವ ಲೆಕ್ಕದಲ್ಲಿ, ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಇದನ್ನು ಹೇಳಿ ನಗುವವರು ತುಂಬಾ ಜನ. ನಾನೂ ಮೊದಲು ನಕ್ಕಿದ್ದೆ. ಆಮೇಲೆ ಒಂದೊಂದೇ ಓದುತ್ತಾ ಹೋದ ಹಾಗೆ ನಗು ಸ್ವಲ್ಪ ಕಡಿಮೆ ಆಯಿತು. ಯಾಕೆಂದರೆ ಈ 67 ಸೋಲುಗಳಲ್ಲಿ ಬಹುಪಾಲು ಐಸ್ ಮೇಲೆ ಆದದ್ದೇ ಅಲ್ಲ. ಅವು ಅದಕ್ಕೂ ಮೊದಲೇ, ಜೂನ್ ತಿಂಗಳಲ್ಲಿ, ಮೇಜಿನ ಸುತ್ತ ಕೂತವರು ಬರೆದಿಟ್ಟಿದ್ದು.

ಆ ಕಾಲದ ಕಥೆ ಸ್ವಲ್ಪ ಹೇಳಬೇಕು. 1966-67ರಲ್ಲಿ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದು ಆರೇ ತಂಡ. ಮುಂದಿನ ವರ್ಷ ಒಂದೇ ಸಲಕ್ಕೆ ಹನ್ನೆರಡಾಯಿತು. ಆಮೇಲೆ ಬಫಲೋ, ವ್ಯಾಂಕೂವರ್, ಅಟ್ಲಾಂಟಾ, ನ್ಯೂಯಾರ್ಕ್‌ಗೆ ಎರಡನೇ ತಂಡ, ಹೀಗೆ ಬೆಳೆಯುತ್ತಾ ಹೋಗಿ 1974ರಲ್ಲಿ ವಾಷಿಂಗ್ಟನ್ ಮತ್ತು ಕಾನ್ಸಾಸ್ ಸಿಟಿ ಸೇರಿ ಹದಿನೆಂಟಾಯಿತು. ಇಷ್ಟು ಸಾಲದು ಅಂತ 1972ರಲ್ಲಿ ಡಬ್ಲ್ಯುಎಚ್‌ಎ ಅನ್ನುವ ಎದುರಾಳಿ ಲೀಗ್ ಬೇರೆ ಹುಟ್ಟಿತ್ತು. ಅದು ಬಾಬಿ ಹಲ್‌ನಂಥ ದೊಡ್ಡ ಹೆಸರನ್ನೇ ದುಡ್ಡು ಕೊಟ್ಟು ಎಳೆದುಕೊಂಡಿತ್ತು. 1974-75ರಲ್ಲಿ ಅದರಲ್ಲಿ ಹದಿನಾಲ್ಕು ತಂಡ. ಎರಡೂ ಸೇರಿ ಮೂವತ್ತೆರಡು. ಯೂರೋಪಿನ ಆಟಗಾರರು ಇನ್ನೂ ಬೆರಳೆಣಿಕೆಯಷ್ಟೇ ಬರುತ್ತಿದ್ದ ಕಾಲ, ಹಾಗಾಗಿ ಮುಕ್ಕಾಲುಮೂರು ವೀಸ ಕೆನಡಾದ ಹುಡುಗರನ್ನೇ ಹಂಚಿಕೊಳ್ಳಬೇಕು. ಆರು ಜನಕ್ಕೆ ಮಾಡಿದ ಸಾರಿಗೆ ನೀರು ಹಾಕಿ ಮೂವತ್ತೆರಡು ಜನಕ್ಕೆ ಬಡಿಸಿದರೆ ಕೊನೇ ಪಂಕ್ತಿಯವರಿಗೆ ಏನು ಸಿಗುತ್ತದೆ?

ಕೊನೇ ಪಂಕ್ತಿ ಅಂದರೆ ಕ್ಯಾಪಿಟಲ್ಸ್ ಮತ್ತು ಕಾನ್ಸಾಸ್ ಸಿಟಿ ಸ್ಕೌಟ್ಸ್. ಪ್ರವೇಶ ಶುಲ್ಕ ತಲಾ 60 ಲಕ್ಷ ಡಾಲರ್. ಅಷ್ಟು ಕೊಟ್ಟಿದ್ದಕ್ಕೆ ಉಳಿದ ಹದಿನಾರು ತಂಡಗಳ ಆಟಗಾರರಲ್ಲಿ ಒಟ್ಟು 24 ಜನರನ್ನು ಆರಿಸಿಕೊಳ್ಳುವ ಹಕ್ಕು ಈ ಎರಡಕ್ಕೂ ಸಿಕ್ಕಿತು. ಆದರೆ ಹಳೇ ತಂಡಗಳು ಮೊದಲೇ 15 ಆಟಗಾರರು, 2 ಗೋಲ್‌ಕೀಪರ್‌ಗಳನ್ನು ಮುಟ್ಟಬೇಡಿ ಅಂತ ಪಕ್ಕಕ್ಕೆ ಇಟ್ಟುಕೊಳ್ಳಬಹುದಿತ್ತು. ಒಂದು ಪಂದ್ಯಕ್ಕೆ ಇಳಿಯುವವರೇ ಹೆಚ್ಚು ಕಡಿಮೆ ಅಷ್ಟು ಜನ ಅಲ್ವಾ? ಅಂದರೆ ತಂಡವೇ ಬೇಡ ಅಂದವರಲ್ಲಿ ಒಳ್ಳೆಯವರನ್ನು ಹುಡುಕಿಕೊಳ್ಳಿ ಅನ್ನುವ ಆಟ ಇದು.

ಆ ವರ್ಷದ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಕಾರ್ಯಕ್ರಮ ಕೂಡ ವಿಚಿತ್ರವಾಗಿಯೇ ನಡೆಯಿತು. ಡಬ್ಲ್ಯುಎಚ್‌ಎಗೆ ಸುಳಿವು ಸಿಗಬಾರದು ಅಂತ ಗುಟ್ಟಾಗಿ ಫೋನ್‌ನಲ್ಲೇ ಮಾಡಿದರು. ದಿನಗಟ್ಟಲೆ ಎಳೆದಾಟ. ಬೇಸತ್ತ ಬಫಲೋ ಮ್ಯಾನೇಜರ್ ಪಂಚ್ ಇಮ್ಲಾಕ್ ಅವರು 183ನೇ ಸರದಿಯಲ್ಲಿ ತಾರೊ ತ್ಸುಜಿಮೊಟೊ ಅನ್ನುವ ಜಪಾನಿ ಆಟಗಾರನನ್ನು ಆರಿಸಿದರು. ಅಂಥವನು ಭೂಮಿ ಮೇಲೆ ಇರಲೇ ಇಲ್ಲ, ಸುಮ್ನೆ ಕಟ್ಟಿದ ಹೆಸರು! ಲೀಗ್ ಅದನ್ನು ಗಂಭೀರವಾಗಿ ಬರೆದುಕೊಂಡಿತು. ಕ್ಯಾಪಿಟಲ್ಸ್‌ಗೆ ಎಲ್ಲರಿಗಿಂತ ಮೊದಲು ಆರಿಸುವ ಸರದಿ ಸಿಕ್ಕಿತ್ತು. ಅವರು ರೆಜೈನಾ ಪ್ಯಾಟ್ಸ್ ತಂಡದ ಡಿಫೆನ್ಸ್ ಆಟಗಾರ ಗ್ರೆಗ್ ಜೋಲಿಯನ್ನು ತೆಗೆದುಕೊಂಡರು. ಅದೇ ಡ್ರಾಫ್ಟ್‌ನಲ್ಲಿ 22ನೇಯವನಾಗಿ ಬ್ರಯಾನ್ ಟ್ರಾಟಿಯರ್ ನ್ಯೂಯಾರ್ಕ್ ಐಲ್ಯಾಂಡರ್ಸ್‌ಗೆ ಹೋದ. ಮುಂದೆ ಅಲ್ಲಿ ಸಾಲಾಗಿ ನಾಲ್ಕು ಸ್ಟಾನ್ಲಿ ಕಪ್, ಅಂದರೆ ಲೀಗ್‌ನ ಚಾಂಪಿಯನ್ ತಂಡಕ್ಕೆ ಕೊಡುವ ಕಪ್, ಗೆದ್ದ. ಇದನ್ನು ಹೇಳಬಾರದಿತ್ತೇನೋ, ಆದರೆ ಹೇಳದೆ ಇರಲಾರೆ.

ತಂಡ ಕಟ್ಟಿದವರು ಮಿಲ್ಟ್ ಶ್ಮಿಟ್. ಇವರು ಯಾರೋ ಏನೂ ಗೊತ್ತಿಲ್ಲದವರು ಅಂದುಕೊಳ್ಳಬೇಡಿ. ಬಾಸ್ಟನ್ ಬ್ರೂಯಿನ್ಸ್‌ನ ದೊಡ್ಡ ಆಟಗಾರ, 1939 ಮತ್ತು 1941ರಲ್ಲಿ ಕಪ್ ಗೆದ್ದವರು. ಮ್ಯಾನೇಜರ್ ಆಗಿ ಫಿಲ್ ಎಸ್ಪೊಸಿಟೊ ಅವರನ್ನು ಶಿಕಾಗೋದಿಂದ ಬಾಸ್ಟನ್‌ಗೆ ತಂದ ಪುಣ್ಯಾತ್ಮ. ಅಂಥವರ ಕೈಗೆ ಸಿಕ್ಕಿದ್ದೂ ಇದೇ ಸಾರು.

ಇನ್ನು ಮಾಲೀಕರು ಏಬ್ ಪೋಲಿನ್. ಮೇರಿಲ್ಯಾಂಡ್‌ನ ಲ್ಯಾಂಡೋವರ್‌ನಲ್ಲಿ ಕ್ಯಾಪಿಟಲ್ ಸೆಂಟರ್ ಅಂತ ಹೊಚ್ಚಹೊಸ ಅಂಗಣ ಕಟ್ಟಿಸಿದ್ದರು. 1973ರ ಡಿಸೆಂಬರ್‌ನಲ್ಲಿ ಬಾಗಿಲು ತೆರೆದಿತ್ತು. ಮಧ್ಯದಲ್ಲಿ ದೊಡ್ಡ ವಿಡಿಯೋ ಪರದೆ, ಆಗಿನ ಕಾಲಕ್ಕೆ ಭಾರೀ ಹೊಸದು. ಆದದ್ದನ್ನು ಮತ್ತೆ ತೋರಿಸುವ ಅನುಕೂಲ ಇತ್ತು. ತಮ್ಮ ತಂಡ ತಿಂದ ಗೋಲನ್ನು ಎರಡೆರಡು ಸಲ ನೋಡುವ ಭಾಗ್ಯ ಅಷ್ಟು ಬೇಗ ಬೇರೆ ಯಾವ ಊರಿನ ಅಭಿಮಾನಿಗೂ ಸಿಕ್ಕಿರಲಿಕ್ಕಿಲ್ಲ.

ಪೋಲಿನ್ ಅವರದ್ದೇ ಇನ್ನೊಂದು ತಂಡವೂ ಅದೇ ಕಟ್ಟಡದಲ್ಲಿ ಆಡುತ್ತಿತ್ತು. ವಾಷಿಂಗ್ಟನ್ ಬುಲೆಟ್ಸ್, ಬ್ಯಾಸ್ಕೆಟ್‌ಬಾಲ್. ಅದೇ ಸೀಸನ್‌ನಲ್ಲಿ ಬುಲೆಟ್ಸ್ 60 ಪಂದ್ಯ ಗೆದ್ದು 22 ಮಾತ್ರ ಸೋತು ಎನ್‌ಬಿಎ ಫೈನಲ್ ತನಕ ಹೋಯಿತು. ಮಾಲೀಕ ಒಬ್ಬರೇ, ಸೂರು ಒಂದೇ, ಒಂದು ಮಗು 60 ಗೆಲ್ಲುತ್ತದೆ, ಇನ್ನೊಂದು 8.

ಸೀಸನ್ ಶುರುವಾದದ್ದು 1974ರ ಅಕ್ಟೋಬರ್ 9ಕ್ಕೆ ನ್ಯೂಯಾರ್ಕ್‌ನಲ್ಲಿ, ರೇಂಜರ್ಸ್ ಎದುರು. 6-3 ಸೋಲು. ಪರವಾಗಿಲ್ಲ ಅನ್ನುವಂಥದ್ದೇ. ಅಕ್ಟೋಬರ್ 15ಕ್ಕೆ ಸ್ವಂತ ಅಂಗಣದಲ್ಲಿ ಲಾಸ್ ಏಂಜಲೀಸ್ ಜೊತೆ 1-1 ಡ್ರಾ. ಎರಡೇ ದಿನಕ್ಕೆ ಶಿಕಾಗೋವನ್ನು 4-3ರಿಂದ ಸೋಲಿಸಿದರು. ಆ ವಾರ ಪೇಪರ್ ಓದಿದವನಿಗೆ ಈ ತಂಡ ಮುಂದೆ ಬರುತ್ತದೆ ಅಂತಲೇ ಅನ್ನಿಸಿರಬೇಕು.

ಬರಲಿಲ್ಲ. ಇಡೀ ಸೀಸನ್‌ನಲ್ಲಿ ಹೊಡೆದದ್ದು 181 ಗೋಲು, ತಿಂದದ್ದು 446. ಪಂದ್ಯಕ್ಕೆ ಐದೂವರೆಗಿಂತ ಜಾಸ್ತಿ. ಈ 446 ಇವತ್ತಿಗೂ ಲೀಗ್‌ನ ದಾಖಲೆ.

ಗೋಲ್‌ಕೀಪರ್‌ಗಳ ಪಾಡು ಕೇಳಿ. ಇಡೀ ವರ್ಷದ ಎಂಟೂ ಗೆಲುವು ರಾನ್ ಲೋ ಹೆಸರಿನಲ್ಲೇ ಇದೆ. ಅವರ ಜೊತೆಗೆ ಇದ್ದವರು ಮಿಷೆಲ್ ಬೆಲ್ಯುಮರ್. ಫ್ರೆಂಚ್‌ನಲ್ಲಿ ಆ ಹೆಸರಿಗೆ ಒಳ್ಳೇ ಮೂಡ್, ಹಸನ್ಮುಖ ಅನ್ನುವ ಥರದ ಅರ್ಥ ಬರುತ್ತದೆ. ಇವರ ಲೆಕ್ಕ: 0 ಗೆಲುವು, 24 ಸೋಲು, 3 ಡ್ರಾ. ಸೊನ್ನೆ! ಹಾಗಂತ ಆಡಲು ಬರದ ಮನುಷ್ಯ ಅಲ್ಲ. ಶಿಕಾಗೋ ಎದುರಿನ ಒಂದೇ ಪಂದ್ಯದಲ್ಲಿ ಎರಡು ಪೆನಾಲ್ಟಿ ಶಾಟ್ ತಡೆದವರು ಇವರು. ಪೆನಾಲ್ಟಿ ಶಾಟ್ ಅಂದರೆ ಎದುರಾಳಿ ಒಬ್ಬನೇ ಪಕ್ (ಚೆಂಡಿನ ಬದಲು ಆಡುವ ಚಪ್ಪಟೆ ಬಿಲ್ಲೆ) ಹಿಡಿದು ಬರುತ್ತಾನೆ, ನಡುವೆ ಅಡ್ಡ ಬರಲು ಯಾರೂ ಇಲ್ಲ. ಹೊಡೆಯಲು ಬಂದವರಲ್ಲಿ ಒಬ್ಬರು ಸ್ಟ್ಯಾನ್ ಮಿಕಿಟಾ, ಆ ಕಾಲದ ಘಟಾನುಘಟಿ. ಅದನ್ನೂ ತಡೆದರು. ಪಂದ್ಯ ಮಾತ್ರ ಸೋತರು. ನನಗೆ ಇಡೀ ಸೀಸನ್ ಈ ಒಂದು ಪಂದ್ಯದಲ್ಲೇ ಕಾಣಿಸುತ್ತದೆ. ಒಬ್ಬ ಮನುಷ್ಯ ತನ್ನ ಕೆಲಸ ಎಷ್ಟು ಚೆನ್ನಾಗಿ ಮಾಡಿದರೂ ಪುಸ್ತಕದಲ್ಲಿ ಬರೆದುಕೊಳ್ಳುವುದು ಸೊನ್ನೆ ಅಂತಲೇ.

ಬಿಲ್ ಮಿಕೆಲ್ಸನ್ ಅವರದ್ದೂ ಇದೇ ಕಥೆ. ಐಸ್ ಹಾಕಿಯಲ್ಲಿ ಪ್ಲಸ್-ಮೈನಸ್ ಅಂತ ಒಂದು ಲೆಕ್ಕ ಇದೆ. ಸ್ಥೂಲವಾಗಿ ಹೇಳುವುದಾದರೆ, ನೀವು ಐಸ್ ಮೇಲೆ ಇದ್ದಾಗ ನಿಮ್ಮ ತಂಡ ಗೋಲು ಹೊಡೆದರೆ ನಿಮಗೆ ಒಂದು ಸೇರುತ್ತದೆ, ತಿಂದರೆ ಒಂದು ಕಳೆಯುತ್ತದೆ, ತಪ್ಪು ಯಾರದ್ದೇ ಇರಲಿ. ಡಿಫೆನ್ಸ್ ಆಡುತ್ತಿದ್ದ ಮಿಕೆಲ್ಸನ್ 59 ಪಂದ್ಯಗಳಲ್ಲಿ ಮೈನಸ್ 82. ಇದಕ್ಕಿಂತ ಕೆಳಗೆ ಯಾರೂ ಇಳಿದಿಲ್ಲ. ಸೋಲುತ್ತಿರುವ ತಂಡದಲ್ಲಿ ಜಾಸ್ತಿ ಹೊತ್ತು ಐಸ್ ಮೇಲೆ ಇದ್ದವನಿಗೇ ಈ ಲೆಕ್ಕದಲ್ಲಿ ಜಾಸ್ತಿ ಏಟು, ಬೆಂಚಿನ ಮೇಲೆ ಕೂತವನಿಗೆ ಏನೂ ಆಗುವುದಿಲ್ಲ. ಅವರ ಮಗಳು ಮೇಗನ್ ಮಿಕೆಲ್ಸನ್ ಮುಂದೆ ಕೆನಡಾ ತಂಡದಲ್ಲಿ ಡಿಫೆನ್ಸ್ ಆಡಿ 2010 ಮತ್ತು 2014ರಲ್ಲಿ ಒಲಿಂಪಿಕ್ ಚಿನ್ನ ಗೆದ್ದರು ಅಂತ ಗೊತ್ತಾದ ದಿನ ನನಗೆ ಯಾಕೋ ತುಂಬಾ ಖುಷಿ ಆಯಿತು.

ಮೈಕ್ ಮಾರ್ಸನ್ ಬಗ್ಗೆ ಹೇಳದೆ ಮುಂದೆ ಹೋಗಬಾರದು. 19 ವರ್ಷದ ಹುಡುಗ, ಎರಡನೇ ಸುತ್ತಿನಲ್ಲಿ ಆರಿಸಿದ್ದು. ವಿಲಿ ಓ'ರೀ ನಂತರ ಎನ್‌ಎಚ್‌ಎಲ್‌ನಲ್ಲಿ ಆಡಿದ ಎರಡನೇ ಕಪ್ಪು ಆಟಗಾರ. ಓ'ರೀ ಕೊನೆಯ ಸಲ ಆಡಿದ್ದು 1961ರಲ್ಲಿ, ನಡುವೆ ಹದಿಮೂರು ವರ್ಷ ಒಬ್ಬರೂ ಇರಲಿಲ್ಲ. ಮಾರ್ಸನ್ ಆ ವರ್ಷ 16 ಗೋಲು ಹೊಡೆದ. ಜೊತೆಗೆ ಬೈಗುಳ, ಜೀವ ಬೆದರಿಕೆಗಳನ್ನೂ ಎದುರಿಸಿದ. ಪ್ರತಿ ರಾತ್ರಿ ಸೋಲುವ ತಂಡದಲ್ಲಿ ಒಬ್ಬನೇ ಅದನ್ನೂ ಹೊರಬೇಕಾಗಿ ಬಂದದ್ದನ್ನು ನೆನೆಸಿಕೊಂಡರೆ, ಉಳಿದವರ ಕಷ್ಟ ಕಷ್ಟವೇ ಅಲ್ಲ ಅನ್ನಿಸುತ್ತದೆ.

ಕೋಚ್‌ಗಳು ಮೂವರು. ಜಿಮ್ ಆಂಡರ್ಸನ್ 54 ಪಂದ್ಯ ನಡೆಸಿದರು, 4 ಗೆಲುವು. ಹೆಂಡತಿ ಮೋಸ ಮಾಡುತ್ತಿದ್ದಾಳೆ ಅಂತ ಗೊತ್ತಾದರೂ ಇಷ್ಟು ಬೇಜಾರಾಗುವುದಿಲ್ಲ, ಅವಳಿಗಾದರೆ ನಿಲ್ಲಿಸು ಅಂತ ಹೇಳಬಹುದು, ಅನ್ನುವ ಅರ್ಥದ ಮಾತನ್ನು ಹೇಳಿ ಹೆಸರಾದವರು ಇವರೇ. ಆಮೇಲೆ ಬಂದ ರೆಡ್ ಸಲಿವನ್ 18 ಪಂದ್ಯಕ್ಕೆ ಕೈ ಚೆಲ್ಲಿದರು. ಕೊನೆಯ ಎಂಟಕ್ಕೆ ಶ್ಮಿಟ್ ತಾವೇ ಬೆಂಚಿನ ಹಿಂದೆ ಬಂದು ನಿಂತರು.

ಆಗ ತಂಡದ ಸ್ಥಿತಿ ನೋಡಿ. ಫೆಬ್ರವರಿ 18ರಿಂದ ಮಾರ್ಚ್ 26ರ ತನಕ ಒಂದರ ಮೇಲೊಂದು 17 ಸೋಲು. ಪರ ಊರಿನಲ್ಲಂತೂ ಸೀಸನ್ ಶುರುವಾದಾಗಿನಿಂದ ಆಡಿದ್ದು 37, ಸೋತದ್ದು 37. ಡ್ರಾ ಕೂಡ ಇಲ್ಲ. ಐದು ತಿಂಗಳಿಗಿಂತ ಜಾಸ್ತಿ, ವಿಮಾನ ಹತ್ತು, ಹೋಟೆಲ್‌ನಲ್ಲಿ ಮಲಗು, ಸೋಲು, ವಾಪಸ್ ಬಾ.

ಮಾರ್ಚ್ 28ಕ್ಕೆ ಓಕ್ಲೆಂಡ್‌ನಲ್ಲಿ ಕ್ಯಾಲಿಫೋರ್ನಿಯಾ ಗೋಲ್ಡನ್ ಸೀಲ್ಸ್ ಎದುರು 5-3ರಿಂದ ಗೆದ್ದರು. ಸೀಲ್ಸ್ ಕೂಡ ಬಡಪಾಯಿ ತಂಡವೇ, ಸುಳ್ಳು ಯಾಕೆ ಹೇಳಲಿ. ಆದರೆ ಗೆಲುವು ಗೆಲುವೇ. ಸೋಲಿನ ಎರಡೂ ಸರಣಿ ಒಂದೇ ರಾತ್ರಿ ಮುಗಿಯಿತು. ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿದ್ದ ಕಸದ ಡಬ್ಬಿ ಎತ್ತಿಕೊಂಡು ಮತ್ತೆ ಐಸ್ ಮೇಲೆ ಹೋದರು. ಸ್ಟಾನ್ಲಿ ಕಪ್ ಗೆದ್ದವರು ಕಪ್ಪನ್ನು ತಲೆ ಮೇಲೆ ಹಿಡಿದು ಸುತ್ತು ಹಾಕುತ್ತಾರಲ್ಲ, ಥೇಟ್ ಹಾಗೇ ಡಬ್ಬಿ ಹಿಡಿದು ಸುತ್ತು ಹಾಕಿದರು. ಈ ತಮಾಷೆಗೆ ಮುಂದೆ ನಿಂತದ್ದು ಟಾಮಿ ವಿಲಿಯಮ್ಸ್. ಅವರು 1960ರಲ್ಲಿ ಅಮೆರಿಕಾಕ್ಕೆ ಒಲಿಂಪಿಕ್ ಚಿನ್ನ ತಂದ ತಂಡದಲ್ಲಿದ್ದವರು, ಈ ಸೀಸನ್‌ನಲ್ಲಿ 22 ಗೋಲು ಹೊಡೆದು, ಗೋಲು ಮತ್ತು ಗೋಲಿಗೆ ಕೊಟ್ಟ ನೆರವು ಸೇರಿಸಿದ ಲೆಕ್ಕದಲ್ಲಿ ತಂಡಕ್ಕೇ ಮೊದಲಿಗರಾದವರು. ನಿಜವಾದ ಚಿನ್ನ ಗೆದ್ದಿದ್ದ ಮನುಷ್ಯ ಕಸದ ಡಬ್ಬಿ ಎತ್ತಿದ್ದು. ಕೆಲವರು ಇದನ್ನು ನಾಚಿಕೆಗೇಡು ಅನ್ನುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹೊರಗಿನವರು ನಗುವ ಮೊದಲು ತಾವೇ ನಕ್ಕುಬಿಟ್ಟರು, ಅದೂ ಗೆದ್ದ ದಿನ.

ಹೊಸ ತಂಡ ಅಂದ ಮೇಲೆ ಸೋಲಲೇಬೇಕು ಅಂತ ಏನೂ ಇಲ್ಲ. 2017ರಲ್ಲಿ ವೇಗಸ್ ಗೋಲ್ಡನ್ ನೈಟ್ಸ್ ಬಂದಾಗ ಶುಲ್ಕ 50 ಕೋಟಿ ಡಾಲರ್. ಅಷ್ಟು ದುಡ್ಡು ತೆಗೆದುಕೊಂಡ ಲೀಗ್ ನಿಯಮವನ್ನೂ ಸಡಿಲ ಮಾಡಿತು. ಹಳೇ ತಂಡಗಳು ಹೆಚ್ಚೆಂದರೆ 11 ಜನರನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು. ವೇಗಸ್ ಮೊದಲ ವರ್ಷವೇ ಫೈನಲ್‌ಗೆ ಹೋಯಿತು. ಅಲ್ಲಿ ಅದನ್ನು ಸೋಲಿಸಿ, ಹುಟ್ಟಿದ 44 ವರ್ಷಕ್ಕೆ ಮೊದಲ ಕಪ್ ಎತ್ತಿದ್ದು ಯಾರು ಅಂದರೆ ಇದೇ ಕ್ಯಾಪಿಟಲ್ಸ್. 2018ರ ಜೂನ್ 7. ಈ ಸಲ ಎತ್ತಿದ್ದು ಅಸಲಿ ಬೆಳ್ಳಿಯದು.

ಸರಿ, 1975ಕ್ಕೆ ವಾಪಸ್. ಏಪ್ರಿಲ್ 6ಕ್ಕೆ ಸೀಸನ್‌ನ ಕೊನೇ ಪಂದ್ಯ, ಸ್ವಂತ ಅಂಗಣದಲ್ಲಿ ಪಿಟ್ಸ್‌ಬರ್ಗ್ ಎದುರು. ಕಳೆದುಕೊಳ್ಳಲು ಏನೂ ಉಳಿದಿರಲಿಲ್ಲ. 8-4ರಿಂದ ಗೆದ್ದರು. ಸ್ಟ್ಯಾನ್ ಗಿಲ್ಬರ್ಟ್‌ಸನ್ ಒಬ್ಬರೇ ನಾಲ್ಕು ಗೋಲು ಹೊಡೆದರು. ಮುಂದಿನ ವರ್ಷ 11 ಗೆದ್ದು 59 ಸೋತರು, ಅದರಲ್ಲೂ ನಡುವೆ 25 ಪಂದ್ಯ ಒಂದೂ ಗೆಲುವಿಲ್ಲದೆ ಕಳೆಯಿತು. ಬೆಲ್ಯುಮರ್ ಆ ವರ್ಷವೂ ಇದ್ದರು. ಐದು ಸೋತರು, ಒಂದು ಡ್ರಾ. ಕ್ಯಾಪಿಟಲ್ಸ್ ಜೆರ್ಸಿಯಲ್ಲಿ ಅವರು ಕೊನೆಗೂ ಒಂದು ಪಂದ್ಯ ಗೆಲ್ಲಲಿಲ್ಲ.