ಟ್ಯಾಂಕಿನ ಕೆಳಗಿನ ಕುಂಡೆಕುಸ್ಕ

"ಯಾವ ಹಕ್ಕಿಯಾದರೇನು ಮೇಡಂ, ಎರಡೂ ಕಪ್ಪು ಬಿಳುಪು ತಾನೇ?"

ಮಂಗಳವಾರದಿಂದ ಈ ಮಾತು ನನ್ನ ಕಿವಿಯಿಂದ ಇಳಿದಿಲ್ಲ. ತಾರಸಿಯ ನೀರಿನ ಟ್ಯಾಂಕಿನ ಕೆಳಗೆ ಕುಂಡೆಕುಸ್ಕ ಹಕ್ಕಿಯ ಗೂಡು, ಗೂಡಿನಲ್ಲಿ ಮೂರು ಮರಿಗಳು. ಟ್ಯಾಂಕ್ ತೊಳೆಸಬೇಕು, ನೀವು ಮಡಿವಾಳ ಹಕ್ಕಿಗೆ ಹಿತ್ತಲಲ್ಲಿ ಕಟ್ಟಿದ ಪೆಟ್ಟಿಗೆಗೇ ಇವನ್ನೂ ಸಾಗಿಸಿ ಎಂದರು ನಮ್ಮ ಕಟ್ಟಡದ ಕಾರ್ಯದರ್ಶಿ. ಕೆಟ್ಟವರಲ್ಲ. ಲೆಕ್ಕದಲ್ಲಿ ಒಂದು ರೂಪಾಯಿ ಆಚೀಚೆ ಆಗಲು ಬಿಡದ ಮನುಷ್ಯ. ಅಷ್ಟು ಕಣ್ಣಿರುವವರು ಹಕ್ಕಿಯನ್ನೂ ಒಮ್ಮೆ ನೋಡಬಾರದೇ?

ಎರಡೂ ಕಪ್ಪು ಬಿಳುಪು, ನಿಜ. ಎರಡೂ ನಸುಕಿನಲ್ಲಿ ಸೊಗಸಾಗಿ ಹಾಡುತ್ತವೆ. ಆದರೆ ಮಡಿವಾಳ ನೊಣಹಿಡುಕಗಳ ಕುಟುಂಬದ್ದು. ಬಾಲ ನಿಗುರಿಸಿ ಕುಪ್ಪಳಿಸುತ್ತದೆ, ಮರದ ಪೊಟರೆ ಹುಡುಕುತ್ತದೆ, ಪೆಟ್ಟಿಗೆಗೂ ಒಗ್ಗುತ್ತದೆ. ಅದರ ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದು. ಟ್ಯಾಂಕಿನದು ಕುಂಡೆಕುಸ್ಕ, ನೆಲದ ಮೇಲೆ ಓಡಾಡುವ ಪಿಪಿಟ್ ಎಂಬ ಪುಟ್ಟ ಹಕ್ಕಿಗಳ ಕುಟುಂಬ. ಕಣ್ಣಿನ ಮೇಲೆ ತಿದ್ದಿದಂತೆ ಬಿಳಿ ಹುಬ್ಬು. ಕುಪ್ಪಳಿಸುವುದಿಲ್ಲ, ಹೆಜ್ಜೆಯಿಟ್ಟು ಓಡಾಡುತ್ತದೆ, ನಿಂತಲ್ಲೇ ಬಾಲ ಕುಣಿಸುತ್ತದೆ. ಅದಕ್ಕೆ ಬೇಕಾದದ್ದು ಪೊಟರೆಯಲ್ಲ, ಹತ್ತಿರದಲ್ಲಿ ನೀರು.

ಇದನ್ನೆಲ್ಲ ಹೇಳಿದೆ. ಆಗಲೇ ಬಂದ ಉತ್ತರ ಅದು. ಯಾವ ಹಕ್ಕಿಯಾದರೇನು.

ಕಾವಲುಗಾರರ ಹೆಂಡತಿ ಮೆಟ್ಟಿಲು ಗುಡಿಸುತ್ತಿದ್ದವರು ತಲೆಯೆತ್ತಿ, "ಅದು ಕೆರೆ ಏರಿಯ ಹಕ್ಕಿಯಲ್ಲವೇ ಅಕ್ಕಾ? ನಾವು ಬಟ್ಟೆ ಒಗೆಯುವ ಕಲ್ಲಿನ ಮೇಲೆಯೇ ಓಡಾಡುತ್ತಿತ್ತು" ಎಂದರು. ಪುಸ್ತಕ ಮುಂದಿಟ್ಟು ವರ್ಷಗಟ್ಟಲೆ ನೋಡಿದ ನನಗಿಂತ ಅವರು ಹಕ್ಕಿಯನ್ನು ಅದರ ಜಾಗದ ಸಮೇತ ಬಲ್ಲವರು.

ಕೆರೆ ಏರಿ. ಆ ರಾತ್ರಿ ನಿದ್ದೆ ಬರಲಿಲ್ಲ. ಧರ್ಮಾಂಬುಧಿ ಕೆರೆಯಿದ್ದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣ. ನೀರು ನೆಲ ಬಿಟ್ಟು ತಾರಸಿಗೆ ಏರಿದೆ. ಹಕ್ಕಿಯೂ ಅದರ ಬೆನ್ನು ಹಿಡಿದು ಏರಿದೆ. ನಮ್ಮ ಕಪ್ಪು ಪ್ಲಾಸ್ಟಿಕ್ ಟ್ಯಾಂಕ್ ಅದರ ಪಾಲಿನ ಕೆರೆ, ತುಂಬಿ ಚೆಲ್ಲಿದ ನೀರು ಅದರ ದಂಡೆ. ಅಲ್ಲಿಂದಲೂ ಎಬ್ಬಿಸಿದರೆ ಇನ್ನು ಎಲ್ಲಿಗೆ ಹೋಗಬೇಕು?

ಗುರುವಾರ ತಾರಸಿ ಬಾಗಿಲಿಗೆ ಚೀಟಿ ಅಂಟಿಸಿದೆ: "ಮರಿಗಳು ಹಾರುವವರೆಗೆ ಟ್ಯಾಂಕ್ ತೊಳೆಸಬೇಡಿ." ಕೆಳಗೆ ಏಳು ಮನೆಯವರ ಸಹಿ ಬಿದ್ದಿದೆ. ಕಾರ್ಯದರ್ಶಿಗಳದ್ದು ಇನ್ನೂ ಇಲ್ಲ. ಆದರೆ ಇವತ್ತು ಬೆಳಿಗ್ಗೆ ಅವರು ಬಾಗಿಲ ಬಳಿ ನಿಂತು, ಚೀಟಿಯನ್ನಲ್ಲ, ಟ್ಯಾಂಕಿನತ್ತ ನೋಡುತ್ತಿದ್ದರು.