ಸುಂಟರಗಾಳಿ ಹೋದ ಮೇಲೆ ಬರುವವರು

ಟೆಕ್ಸಾಸಿನಲ್ಲಿ ಸುಂಟರಗಾಳಿ ಅಂತ ಟಿವಿಯಲ್ಲಿ ಒಂದು ಸಾಲು ಓಡಿತೆಂದರೆ ಸಾಕು, ಊರಿಂದ ಫೋನ್ ಬರುತ್ತದೆ. ಈ ರಾಜ್ಯ ನಮ್ಮ ಕರ್ನಾಟಕದ ಮೂರೂವರೆ ಪಟ್ಟು ದೊಡ್ಡದು, ಗಾಳಿ ಎದ್ದಿದ್ದು ನಮ್ಮಿಂದ ಆರು ಗಂಟೆ ದಾರಿ ಆಚೆ ಅಂತ ಎಷ್ಟು ಹೇಳಿದರೂ ಅಪ್ಪನಿಗೆ ಸಮಾಧಾನ ಇಲ್ಲ. ಆದರೆ 2019ರ ಅಕ್ಟೋಬರ್ 20ರಂದು ಮಾತ್ರ ಅದು ನಿಜಕ್ಕೂ ಡಲ್ಲಾಸ್ ಕಡೆಯ ನಮ್ಮ ಮನೆಯ ಪಕ್ಕದಲ್ಲೇ ಹಾದುಹೋಯಿತು. ಅವತ್ತಿಂದ ನನಗೆ ಗಾಳಿಗಿಂತ ಜಾಸ್ತಿ ಕುತೂಹಲ ಹುಟ್ಟಿದ್ದು ಮರುದಿನ ಬೆಳಿಗ್ಗೆ ಹಾನಿ ನೋಡಲು ಬಂದವರ ಬಗ್ಗೆ.

ರಾತ್ರಿಯ ಕಥೆ ಬೇಗ ಮುಗಿಸುತ್ತೇನೆ. ದೀಪಾವಳಿಗೆ ಸರಿಯಾಗಿ ಒಂದು ವಾರ ಇತ್ತು. ಭಾನುವಾರ, ಒಂಬತ್ತರ ಹೊತ್ತು. ಊರಿನ ಅರ್ಧ ಜನ ಕೌಬಾಯ್ಸ್ ತಂಡದ ಫುಟ್‌ಬಾಲ್ ಪಂದ್ಯ ನೋಡುತ್ತಾ ಕೂತಿದ್ದರು. ಫೋನುಗಳೆಲ್ಲ ಒಟ್ಟಿಗೇ ಕಿರುಚಿಕೊಂಡವು, ಹೊರಗೆ ಸೈರನ್ ಶುರುವಾಯಿತು. ಡಲ್ಲಾಸ್ ಕಡೆಯ ಮನೆಗಳಿಗೆ ಸಾಮಾನ್ಯವಾಗಿ ನೆಲಮಾಳಿಗೆ ಇರುವುದಿಲ್ಲ. ಇಲ್ಲಿನದು ಥೇಟ್ ನಮ್ಮ ಧಾರವಾಡ, ಗದಗದ ಕಡೆಯ ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಹಾಗಾಗಿ ಒಂದು ಕಾಂಕ್ರೀಟ್ ಹಾಸು ಹಾಕಿ ಅದರ ಮೇಲೆ ಮರದ ಚೌಕಟ್ಟು ನಿಲ್ಲಿಸುತ್ತಾರೆ, ಹೊರಗಡೆ ಚಂದಕ್ಕೆ ಒಂದು ವರಸೆ ಇಟ್ಟಿಗೆ. ನೋಡಿದವರಿಗೆ ಇಟ್ಟಿಗೆ ಮನೆ, ಆದರೆ ಭಾರ ಹೊರುವುದು ಮರ. ಗಾಳಿ ಬಂದಾಗ ಕಿಟಕಿಯಿಲ್ಲದ ಬಚ್ಚಲುಮನೆಯೋ ಬಟ್ಟೆ ಇಡುವ ಪುಟ್ಟ ಕೋಣೆಯೋ ಗತಿ. ನಾವು ಹಾಗೇ ಕೂತೆವು. ನಮ್ಮ ಬೀದಿಗೆ ಏನೂ ಆಗಲಿಲ್ಲ.

ಆಗಿದ್ದು ನಮ್ಮ ದಕ್ಷಿಣಕ್ಕೆ. ಡಲ್ಲಾಸಿನ ವಾಯವ್ಯ ಭಾಗದಲ್ಲಿ ನೆಲ ಮುಟ್ಟಿದ ಸುಂಟರಗಾಳಿ ಉತ್ತರ ಡಲ್ಲಾಸನ್ನು ಅಡ್ಡಡ್ಡ ಸೀಳಿಕೊಂಡು ಪಕ್ಕದ ರಿಚರ್ಡ್‌ಸನ್ ಊರಿನವರೆಗೆ ಹೋಯಿತು. ಸುಮಾರು 25 ಕಿಲೋಮೀಟರ್ ದಾರಿ, ಅರ್ಧ ಗಂಟೆ. ಅಗಲವಾದ ಕಡೆ ಒಂದು ಕಿಲೋಮೀಟರಿಗಿಂತ ಜಾಸ್ತಿ. ಥಾಮಸ್ ಜೆಫರ್ಸನ್ ಹೈಸ್ಕೂಲು, ರಾಯಲ್ ಲೇನಿನ ಅಗ್ನಿಶಾಮಕ ಠಾಣೆ, ಫಾರೆಸ್ಟ್ ಲೇನಿನ ದೊಡ್ಡ ಹೋಮ್ ಡಿಪೋ ಅಂಗಡಿ, ಎಲ್ಲ ಹಾಳಾದವು. ನಷ್ಟ ಒಂದೂವರೆ ಬಿಲಿಯನ್ ಡಾಲರ್ ದಾಟಿತು. ಆದರೂ ಒಬ್ಬರೂ ಸಾಯಲಿಲ್ಲ. ಆ ಶಾಲೆಯ ಕಾರಿಡಾರ್ ಫೋಟೋ ನೋಡಿದವರಿಗೆಲ್ಲ ಬಂದ ಯೋಚನೆ ಒಂದೇ. ಭಾನುವಾರ ರಾತ್ರಿಯ ಬದಲು ಸೋಮವಾರ ಮಧ್ಯಾಹ್ನ ಆಗಿದ್ದಿದ್ದರೆ?

ಮರುದಿನ ಫೋನಿನಲ್ಲಿ ಅಪ್ಪ ಕೇಳಿದರು, "ಗಾಳಿ ಎಷ್ಟು ಸ್ಪೀಡಿತ್ತಂತೋ?" ನಾನು, "ಇನ್ನೂ ಹೇಳಿಲ್ಲ ಅಪ್ಪ, ನೋಡೋಕೆ ಬಂದಿದ್ದಾರೆ" ಅಂದೆ. "ಗಾಳಿ ಹೋದ ಮೇಲೆ ಏನು ನೋಡ್ತಾರೆ?" ಅಂದರು. ಒಳ್ಳೆಯ ಪ್ರಶ್ನೆ ಅಲ್ವಾ?

ಇಲ್ಲಿ ಸಾಮಾನ್ಯವಾಗಿ ಯಾರೂ ಸುಂಟರಗಾಳಿಯ ವೇಗವನ್ನು ನೇರವಾಗಿ ಅಳೆಯುವುದಿಲ್ಲ ಅಂದರೆ ನಮ್ಮ ಕಡೆಯವರು ನಂಬುವುದಿಲ್ಲ. ಅಮೆರಿಕ, ರಾಡಾರು, ಉಪಗ್ರಹ, ಎಲ್ಲ ಇದೆಯಲ್ಲ ಅಂತಾರೆ. ಇದೆ. ಆದರೆ ಗಾಳಿಮಾಪಕ ಇಟ್ಟಿರುವ ವಿಮಾನ ನಿಲ್ದಾಣದ ಮೇಲೇ ಸುಂಟರಗಾಳಿ ಬರುವುದು ಅಪರೂಪ, ಬಂದರೆ ಮಾಪಕವೇ ಉಳಿಯುವುದು ಕಷ್ಟ. ರಾಡಾರಿನ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೆ ಹೋಗುತ್ತದೆ, ಭೂಮಿ ಗುಂಡಗಿದೆಯಲ್ಲ, ಹಾಗಾಗಿ ಮನೆಯ ಎತ್ತರದಲ್ಲಿ ಏನಾಗುತ್ತಿದೆ ಅಂತ ಅದಕ್ಕೆ ಕಾಣುವುದಿಲ್ಲ. ಗಾಳಿಗೆ ಎದ್ದ ತಗಡು, ಎಲೆ, ಹಲಗೆ ಆಕಾಶದಲ್ಲಿ ಸುತ್ತುವುದು ಮಾತ್ರ ಕಾಣುತ್ತದೆ. ಕತ್ತಲಲ್ಲಿ ಅದೇ ಮೊದಲ ಸಾಕ್ಷಿ. ಉಳಿದಿದ್ದನ್ನು ಬೆಳಕು ಹರಿದ ಮೇಲೆ ನೆಲದ ಮೇಲೆ ನಡೆದೇ ತಿಳಿಯಬೇಕು.

ನಮ್ಮೂರಿನಲ್ಲಿ ಮೇ ತಿಂಗಳ ಗಾಳಿಮಳೆಗೆ ತೋಟ ನೆಲಕಚ್ಚಿದಾಗ ಗ್ರಾಮ ಲೆಕ್ಕಿಗರು ಬಂದು ಬಿದ್ದ ಅಡಿಕೆ ಮರ ಎಷ್ಟು, ಹಾರಿದ ಹಂಚು ಎಷ್ಟು ಅಂತ ಮಹಜರು ಬರೆಯುತ್ತಾರಲ್ಲ, ದೂರದಿಂದ ನೋಡಿದರೆ ಇದೂ ಅದೇ. ಆದರೆ ಅವರು ಬರೆಯುವುದು ಪರಿಹಾರಕ್ಕೆ. ಇಲ್ಲಿ ಬರುವವರು ರಾಷ್ಟ್ರೀಯ ಹವಾಮಾನ ಸೇವೆಯವರು, ನಮಗೆ ಫೋರ್ಟ್ ವರ್ತ್ ಕಚೇರಿ. ಅವರ ಬರಹಕ್ಕೂ ದುಡ್ಡಿಗೂ ಸಂಬಂಧವೇ ಇಲ್ಲ. ಗಾಳಿಯ ಬಲಕ್ಕೆ ಇವರು ಕೊಡುವ ರೇಟಿಂಗ್ ಕಡಿಮೆಯಾದರೆ ವಿಮೆ ಕಡಿಮೆ ಸಿಗುತ್ತದೆ ಅಂತ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಭಾರೀ ಚರ್ಚೆ ನಡೆದಿತ್ತು. ಸುಮ್ನೆ ಗಾಬರಿ. ವಿಮೆಯವರು ನೋಡುವುದು ನಿಮ್ಮ ಮಾಡನ್ನು, ಇವರ ನಕ್ಷೆಯನ್ನಲ್ಲ.

ಉತ್ತರ ಡಲ್ಲಾಸಿನಲ್ಲಿರುವ ಗೆಳೆಯನ ಮನೆಗೆ ಊಟ ಕೊಡಲು ಹೋದಾಗ ಆ ತಂಡವನ್ನು ಹತ್ತಿರದಿಂದ ನೋಡಿದೆ. ಇಬ್ಬರಿದ್ದರು, ಹೊಳೆಯುವ ಜಾಕೆಟ್ ಹಾಕಿಕೊಂಡು, ಕೈಯಲ್ಲಿ ಟ್ಯಾಬ್ಲೆಟ್ ಹಿಡಿದುಕೊಂಡು. ಇಡೀ ಬೀದಿಯಲ್ಲಿ ಕರೆಂಟಿಲ್ಲ, ಗರಗಸದ ಯಂತ್ರಗಳ ಸದ್ದು, ಒಡೆದ ಮರದ ಹಸಿ ವಾಸನೆ, ಅದರ ಜೊತೆ ಎಲ್ಲಿಂದಲೋ ಗ್ಯಾಸಿನ ವಾಸನೆ. ನಾವೆಲ್ಲ ಬಾಯಿ ಬಿಟ್ಟುಕೊಂಡು ಹಾರಿಹೋದ ಮಾಡುಗಳನ್ನು ನೋಡುತ್ತಿದ್ದರೆ ಅವರಲ್ಲೊಬ್ಬಾಕೆ ಪಕ್ಕದ ಮನೆಯ ಗ್ಯಾರೇಜಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಬುಡವನ್ನು ನೋಡುತ್ತಿದ್ದಳು. ಗೋಡೆಯ ಅಡಿಯ ಮರದ ಪಟ್ಟಿ ಕಾಂಕ್ರೀಟಿನಿಂದ ಎದ್ದುಬಂದಿತ್ತು. ಬೋಲ್ಟ್ ಇದೆಯಾ, ಅದಕ್ಕೆ ವಾಷರು, ನಟ್ಟು ಹಾಕಿದ್ದಾರಾ, ಅಥವಾ ಬರೀ ಮೊಳೆ ಹೊಡೆದು ಬಿಟ್ಟಿದ್ದಾರಾ ಅಂತ ಅವಳ ಹುಡುಕಾಟ. ಒಂದು ಮೊಳೆಯನ್ನು ಬೆರಳಲ್ಲಿ ಹಿಡಿದು ನೋಡಿ ಫೋಟೋ ತೆಗೆದಳು. ಅದು ಸ್ವಲ್ಪವೂ ಬಾಗಿರಲಿಲ್ಲ, ನೆಟ್ಟಗೆ ಕಿತ್ತು ಬಂದಿತ್ತು. ಆಮೇಲೆ ಮನೆಯವರನ್ನು ಕೇಳಿದಳು, ಗ್ಯಾರೇಜ್ ಬಾಗಿಲು ಎಲ್ಲಿ ಬಿದ್ದಿದೆ?

ಆ ಪ್ರಶ್ನೆಯ ಹಿಂದೆ ಇಡೀ ವಿಷಯ ಇದೆ. ಗ್ಯಾರೇಜ್ ಬಾಗಿಲು ಅಂದರೆ ಎರಡು ಕಾರು ಹಿಡಿಯುವಷ್ಟು ಅಗಲದ ತೆಳು ತಗಡು. ಎಷ್ಟೋ ಮನೆಗಳಲ್ಲಿ ಮೊದಲು ಸೋಲುವುದು ಅದು. ಅದು ಒಳಗೆ ಮಡಚಿಕೊಂಡ ಕೂಡಲೇ ಗಾಳಿ ಒಳನುಗ್ಗಿ ಮಾಡನ್ನು ಕೆಳಗಿಂದ ತಳ್ಳುತ್ತದೆ, ಮೇಲೆ ಹಾಯುವ ಗಾಳಿ ಅದೇ ಹೊತ್ತಿಗೆ ಮೇಲಕ್ಕೆ ಎಳೆಯುತ್ತದೆ. ಮಾಡು ಹೋದರೆ ಗೋಡೆಗಳಿಗೆ ಮೇಲಿನ ಹಿಡಿತ ಹೋಯಿತು, ಅವು ನಿಲ್ಲುವುದಿಲ್ಲ. ಅಂದರೆ ಬಿದ್ದ ಮನೆ ನೋಡಿ "ಭಾರೀ ಗಾಳಿ" ಅನ್ನುವ ಹಾಗಿಲ್ಲ. ಸರಿಯಾಗಿ ಕಟ್ಟದ ಮನೆ ಸಾಧಾರಣ ಗಾಳಿಗೂ ಹಾಗೇ ಬೀಳುತ್ತದೆ.

ಇದಕ್ಕೆಲ್ಲ ಒಂದು ಲೆಕ್ಕ ಇದೆ. ಜಪಾನಿನಿಂದ ಬಂದು ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಟೆಟ್ಸುಯಾ ಫುಜಿತಾ 1971ರಲ್ಲಿ ಹಾನಿ ನೋಡಿ ವೇಗ ಅಂದಾಜು ಮಾಡುವ ಮಾಪನ ತಂದರು. ಮನುಷ್ಯ ಅದ್ಭುತ. ಬಾಂಬ್ ಬಿದ್ದ ಮೇಲೆ ನಾಗಾಸಾಕಿಗೆ ಹೋಗಿ ಸುತ್ತಲಿನ ಹಾನಿ ನೋಡಿ ಬಂದಿದ್ದವರು. 1974ರ ಏಪ್ರಿಲ್‌ನಲ್ಲಿ ಒಂದೇ ಸಲಕ್ಕೆ 148 ಸುಂಟರಗಾಳಿಗಳು ಎದ್ದಾಗ ವಿಮಾನದಲ್ಲಿ ಸುತ್ತಿ ನೋಡುತ್ತಿದ್ದ ಅವರಿಗೆ ಕೆಲವು ಕಡೆ ಕಾಡಿನ ಮರಗಳು ಒಂದು ನಡುಬಿಂದುವಿನಿಂದ ಸುತ್ತಲೂ ಹೊರಕ್ಕೆ ಬಿದ್ದದ್ದು ಕಂಡಿತು. ಇದು ಸುತ್ತುವ ಗಾಳಿ ಅಲ್ಲ, ಮೋಡದಿಂದ ಕೆಳಕ್ಕೆ ಧುಮುಕಿ ನೆಲಕ್ಕೆ ಬಡಿದು ಹರಡಿದ ಗಾಳಿ ಅಂತ ಅವರು ಹೇಳಿದ್ದು ವಿಮಾನಯಾನವನ್ನೇ ಬದಲಿಸಿತು. ಈಗಲೂ ಸರ್ವೆಯವರು ಮರ ಬಿದ್ದ ದಿಕ್ಕನ್ನು ನೋಡುವುದು ಇದಕ್ಕೇ. ಎಲ್ಲ ಮರವೂ ಒಂದೇ ಕಡೆಗೆ ಮಲಗಿದ್ದರೆ ಅಥವಾ ಹೊರಕ್ಕೆ ಹರಡಿದ್ದರೆ ಬಿರುಗಾಳಿ. ಎರಡೂ ಪಕ್ಕದ ಮರಗಳು ಒಂದು ಗೆರೆಯ ಕಡೆಗೆ ಒಳಮುಖವಾಗಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿದ್ದರೆ ಸುಂಟರಗಾಳಿ.

ಫುಜಿತಾ ಹಾಕಿದ ವೇಗಗಳು ಮೇಲಿನ ಹಂತಗಳಲ್ಲಿ ಜಾಸ್ತಿಯಾದವು ಅಂತ ಎಂಜಿನಿಯರುಗಳು ತಕರಾರು ತೆಗೆದರು. ಅದರಲ್ಲಿ ನಮ್ಮ ಟೆಕ್ಸಾಸಿನ ಲಬಕ್ ಊರಿನ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಪಾಲು ದೊಡ್ಡದು, 1970ರಲ್ಲಿ ಆ ಊರೇ ಸುಂಟರಗಾಳಿಗೆ ಸಿಕ್ಕಿ 26 ಜನ ಸತ್ತಿದ್ದರು. 2007ರಿಂದ ತಿದ್ದಿದ ಮಾಪನ ಬಳಕೆಯಲ್ಲಿದೆ, ಹೆಸರು ಎನ್‌ಹಾನ್ಸ್‌ಡ್ ಫುಜಿತಾ, ಚಿಕ್ಕದಾಗಿ ಇಎಫ್. ಎಲ್ಲಕ್ಕಿಂತ ಸಣ್ಣ ಇಎಫ್ 0ರಿಂದ ಎಲ್ಲಕ್ಕಿಂತ ಬಲವಾದ ಇಎಫ್ 5ರವರೆಗೆ. ಮನೆ, ಎಳೆದೊಯ್ಯಬಹುದಾದ ಮೊಬೈಲ್ ಮನೆ, ಶಾಲೆ, ಕರೆಂಟ್ ಕಂಬ, ಮರ ಹೀಗೆ 28 ಬಗೆ, ಪ್ರತಿಯೊಂದಕ್ಕೂ ಹಾನಿಯ ಮೆಟ್ಟಿಲುಗಳು. ಮನೆಯ ಮಾಡಿನ ದೊಡ್ಡ ಭಾಗ ಹೋಗಿ ಗೋಡೆಗಳು ನಿಂತಿದ್ದರೆ ಗಂಟೆಗೆ 122 ಮೈಲಿ ಅಂತ ಅಂದಾಜು. ಆದರೆ ಕಟ್ಟಡ ಕಳಪೆಯಾದರೆ 104ಕ್ಕೆ ಇಳಿಸಬಹುದು, ಗಟ್ಟಿಯಾಗಿದ್ದರೆ 142ಕ್ಕೆ ಏರಿಸಬಹುದು. ಒಳಗಿನ ಪುಟ್ಟ ಕೋಣೆಗಳು ಮಾತ್ರ ಉಳಿದರೆ 152. ಕಾಂಕ್ರೀಟ್ ಹಾಸು ಗುಡಿಸಿಟ್ಟಂತೆ ಖಾಲಿಯಾದರೆ 200. ಆ ಇಳಿಸುವ ಏರಿಸುವ ಕೆಲಸ ನಟ್ಟು, ವಾಷರು, ಮೊಳೆ ನೋಡಿಯೇ. ನಮ್ಮ ಸುಂಟರಗಾಳಿಗೆ ಕೊನೆಗೆ ಕೊಟ್ಟಿದ್ದು ಇಎಫ್ 3, ಗಂಟೆಗೆ 140 ಮೈಲಿ, ಅಂದರೆ ಸುಮಾರು 225 ಕಿಲೋಮೀಟರ್.

ಈ ಪದ್ಧತಿಯ ತಮಾಷೆ ಗೊತ್ತಾಗಬೇಕಾದರೆ ಪಕ್ಕದ ಓಕ್ಲಹೋಮಕ್ಕೆ ಹೋಗಬೇಕು. 2013ರ ಮೇ 31ರಂದು ಎಲ್ ರೀನೋ ಹತ್ತಿರ ಎದ್ದ ಸುಂಟರಗಾಳಿ ನಾಲ್ಕು ಕಿಲೋಮೀಟರಿಗಿಂತ ಅಗಲ ಇತ್ತು. ಲಾರಿಯ ಮೇಲೆ ಹೊತ್ತೊಯ್ದ ರಾಡಾರು ಹತ್ತಿರದಿಂದ ನೋಡಿ ಗಂಟೆಗೆ ಸುಮಾರು 300 ಮೈಲಿ ತೋರಿಸಿತು. ಸುಂಟರಗಾಳಿಗಳನ್ನೇ ಜೀವನವಿಡೀ ಅಧ್ಯಯನ ಮಾಡಿದ ಟಿಮ್ ಸಮಾರಸ್, ಅವರ ಮಗ ಪಾಲ್, ಜೊತೆಗಾರ ಕಾರ್ಲ್ ಯಂಗ್ ಮೂವರೂ ಅದಕ್ಕೆ ಬಲಿಯಾದರು. ಅದರ ಅಧಿಕೃತ ರೇಟಿಂಗ್? ಇಎಫ್ 3. ಹೌದು, ನಮ್ಮ ಡಲ್ಲಾಸಿನದ್ದಕ್ಕೆ ಕೊಟ್ಟಷ್ಟೇ. ಯಾಕೆಂದರೆ ಅದು ಹೆಚ್ಚಾಗಿ ಹೊಲಗಳ ಮೇಲೆ ಸುತ್ತಿತು, ಮುರಿಯಲು ಅಲ್ಲಿ ಅಂಥದ್ದೇನೂ ಇರಲಿಲ್ಲ. ಗೋಧಿ ಹೊಲ ಎಷ್ಟು ಮಲಗಿದರೂ ಇಎಫ್ 5 ಅಂತ ಹೇಳಲಾರದು. ನನಗೆ ಇದು ಸರಿ ಅನ್ನಿಸುವುದಿಲ್ಲ, ರಾಡಾರಿನ ಲೆಕ್ಕವನ್ನೂ ಪಕ್ಕದಲ್ಲಿ ಬರೆದಿಟ್ಟರೆ ಏನು ಹೋಗುತ್ತದೆ? ಆದರೆ ರಾಡಾರು ಕಂಡ ನಾಲ್ಕೈದನ್ನು ಒಂದು ರೀತಿ, ಕಾಣದ ಸಾವಿರಾರನ್ನು ಇನ್ನೊಂದು ರೀತಿ ಅಳೆದರೆ ದಾಖಲೆಗೆ ಅರ್ಥ ಇರುವುದಿಲ್ಲ ಅನ್ನುವ ವಾದದಲ್ಲೂ ಹುರುಳಿದೆ.

ಎಲ್ ರೀನೋಗೆ ಹನ್ನೊಂದು ದಿನ ಮೊದಲು, ಮೇ 20ರಂದು, ಓಕ್ಲಹೋಮದ ಮೂರ್ ಊರಿಗೆ ಬಡಿದದ್ದು ಇಎಫ್ 5. ಶಾಲೆಯ ಮಕ್ಕಳೂ ಸೇರಿ 24 ಜನ ಹೋದರು. ಅಲ್ಲಿಂದ ಹನ್ನೆರಡು ವರ್ಷ ಅಮೆರಿಕದಲ್ಲಿ ಒಂದಕ್ಕೂ ಇಎಫ್ 5 ಸಿಗಲಿಲ್ಲ. ಗಾಳಿ ಕಡಿಮೆಯಾಯಿತಾ, ಸರ್ವೆಯವರು ಬಿಗಿಯಾದರಾ ಅಂತ ಜಗಳವೋ ಜಗಳ. ಕೊನೆಗೆ ಆ ಬೀಗ ತೆಗೆದದ್ದು ಮನೆಯಲ್ಲ, ರೈಲು. 2025ರ ಜೂನ್ 20ರಂದು ನಾರ್ತ್ ಡಕೋಟಾದ ಎಂಡರ್ಲಿನ್ ಹತ್ತಿರ ಗೂಡ್ಸ್ ರೈಲಿನ ಬೋಗಿಗಳು ಉರುಳಿದವು, ಒಂದು ಖಾಲಿ ಟ್ಯಾಂಕರ್ ಬೋಗಿ 140 ಮೀಟರಿಗೂ ದೂರ ಹೋಗಿ ಬಿತ್ತು. ಮೊದಲು ಇಎಫ್ 3 ಅಂದಿದ್ದರು. ಬೋಗಿಯ ತೂಕ, ಅದು ಹೋದ ದೂರ ಇಟ್ಟುಕೊಂಡು ತಿಂಗಳುಗಟ್ಟಲೆ ಲೆಕ್ಕ ಹಾಕಿ ಅಕ್ಟೋಬರಿನಲ್ಲಿ ಇಎಫ್ 5ಕ್ಕೆ ಏರಿಸಿದರು, ಗಂಟೆಗೆ 210 ಮೈಲಿಗೂ ಮೀರಿದ ಗಾಳಿ.

ಸರ್ವೆಯವರು ಹೋದ ಮೇಲೆ ಬಂದ ಪಡೆಯೇ ಬೇರೆ. ಮಾಡು ಹಾಕಿಕೊಡುತ್ತೇವೆ ಅಂತ ಬಾಗಿಲು ಬಾಗಿಲು ತಟ್ಟುವವರು, ಎಲ್ಲಿಂದಲೋ ಬಂದ ನಂಬರ್ ಪ್ಲೇಟಿನ ಟ್ರಕ್ಕುಗಳು, ಇವತ್ತೇ ಸಹಿ ಹಾಕಿ ಅನ್ನುವ ಅವಸರ. ಇಲ್ಲಿಗೆ ಹೊಸದಾಗಿ ಬರುವವರಿಗೆ ಒಂದು ಮಾತು. ಮನೆ ವಿಮೆಯಲ್ಲಿ ಗಾಳಿ ಮತ್ತು ಆಲಿಕಲ್ಲಿಗೆ ನಿಮ್ಮ ಕೈಯಿಂದ ಹೋಗುವ ಮೊದಲ ಪಾಲು ಸಾಮಾನ್ಯವಾಗಿ ಇಂತಿಷ್ಟು ಡಾಲರ್ ಅಂತ ಇರುವುದಿಲ್ಲ, ಮನೆಗೆ ಮಾಡಿಸಿದ ವಿಮೆಯ ಮೊತ್ತದ ಶೇಕಡಾ ಒಂದೋ ಎರಡೋ ಇರುತ್ತದೆ. ನಾಲ್ಕು ಲಕ್ಷ ಡಾಲರಿನ ಮನೆಗೆ ಎರಡು ಪರ್ಸೆಂಟ್ ಅಂದರೆ ಎಂಟು ಸಾವಿರ. ಪಾಲಿಸಿ ತೆಗೆದು ಇವತ್ತೇ ಓದಿ. ನನ್ನ ಗೆಳೆಯ ಓದಿದ್ದು ನೀಲಿ ಟಾರ್ಪಾಲಿನ ಅಡಿ ಕೂತು.

ಮೂರ್ ಊರಿನವರು ಒಂದು ಕೆಲಸ ಮಾಡಿದರು. ಎಂಜಿನಿಯರುಗಳು ಬಿದ್ದ ಮನೆಗಳನ್ನು ನೋಡಿ ಹೇಳಿದ್ದನ್ನು ಕೇಳಿಕೊಂಡು 2014ರಲ್ಲಿ ಕಟ್ಟಡ ನಿಯಮವನ್ನೇ ತಿದ್ದಿದರು. ಹೊಸ ಮನೆ 135 ಮೈಲಿ ಗಾಳಿ ತಡೆಯಬೇಕು, ಗ್ಯಾರೇಜ್ ಬಾಗಿಲು ಗಟ್ಟಿ ಇರಬೇಕು, ಮಾಡಿನ ತೊಲೆಯನ್ನು ಗೋಡೆಗೆ ಲೋಹದ ಪಟ್ಟಿಯಿಂದ ಬಿಗಿಯಬೇಕು. ಗೆಳೆಯನ ಮಾಡು ಹೊಸದಾಗಿ ಕಟ್ಟುವಾಗ ನಾವು ಇದನ್ನೇ ಕೇಳಿದೆವು. ಕಂಟ್ರಾಕ್ಟರು, "ಇಲ್ಲಿ ಅದು ಕಡ್ಡಾಯ ಅಲ್ಲ" ಅಂದ. ಕಡ್ಡಾಯ ಅಲ್ಲದಿದ್ದರೂ ಹಾಕು ಅಂದೆವು. ವಿಮೆಯವರು ಅದಕ್ಕೆ ದುಡ್ಡು ಕೊಡಲಿಲ್ಲ, ಗೆಳೆಯ ತನ್ನ ಕೈಯಿಂದ ಕೊಟ್ಟ. ಗ್ಯಾರೇಜ್ ಬಾಗಿಲಿಗೆ ಮಾತ್ರ ಹಳೆಯದರಂಥದ್ದೇ ತಗಡು ಬಂತು, ಗಟ್ಟಿಯದು ಬೇಕಿದ್ದರೆ ಇನ್ನೆರಡು ತಿಂಗಳು ಕಾಯಬೇಕಿತ್ತು.